ಬೆನ್ನು ತಟ್ಟುವ ಕೈ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೇಕರಿಯ ಷಟರ್ ಅರ್ಧ ಮಾತ್ರ ಎತ್ತಿದೆ. ಒಳಗೆ ಹೋಗಬೇಕೆಂದರೆ ಎಂಥವರೂ ತಲೆ ತಗ್ಗಿಸಬೇಕು. ಓವನ್ ಮುಂದೆ ನಿಂತವರು ಬಟ್ಟೆ ಸುತ್ತಿದ ಕೈಯಿಂದ ಟ್ರೇ ಹೊರಗೆಳೆದು, ಒಂದು ಬ್ರೆಡ್ಡನ್ನು ಎತ್ತಿ ಮಗುಚಿ, ಕಿವಿಯ ಹತ್ತಿರ ತಂದು, ಬೆರಳ ಗೆಣ್ಣಿನಿಂದ ಅದರ ಬೆನ್ನು ತಟ್ಟುತ್ತಾರೆ. ಒಂದು ಕ್ಷಣ ಕೇಳುತ್ತಾರೆ. "ಇನ್ನೊಂದು ಸ್ವಲ್ಪ" ಎಂದು ಟ್ರೇ ಮತ್ತೆ ಒಳಗೆ ತಳ್ಳುತ್ತಾರೆ. ನನ್ನ ಕಣ್ಣಿಗೇನೋ ಅದು ಚೆನ್ನಾಗಿ ಬೆಂದು ಹೊಂಬಣ್ಣಕ್ಕೆ ತಿರುಗಿತ್ತು. ಹಸಿದವರ ಅಭಿಪ್ರಾಯವನ್ನು ಇಲ್ಲಿ ಯಾರೂ ಕೇಳುವುದಿಲ್ಲ.

ಬೀದಿಯವರಿಗೆಲ್ಲ ಇವರು ಬನ್ನಣ್ಣ. ಎರಡನೇ ಸುತ್ತಿನ ಹಿಟ್ಟು ಒದ್ದೆ ಬಟ್ಟೆಯ ಕೆಳಗೆ ಉಬ್ಬುತ್ತಿರುವಾಗ ಬನ್ನಣ್ಣನಿಗೆ ಸ್ವಲ್ಪ ಬಿಡುವು. ಆಗ ಸಕ್ಕರೆ ಡಬ್ಬದ ಮೇಲಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಮೊಬೈಲು ಇಳಿಯುತ್ತದೆ. ಹಿಟ್ಟಿನ ಬೆರಳನ್ನು ಏಪ್ರನ್ನಿಗೆ ಒರೆಸಿಕೊಂಡು, ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಾರೆ. ಇದು ಅವರ ಎರಡನೇ ಕೆಲಸ. ಸಂಬಳವಿಲ್ಲ, ರಜೆಯೂ ಇಲ್ಲ.

ಜಾಲತಾಣದಲ್ಲಿ 'ಅಡುಗೆಮನೆ ಕಿಟಕಿ' ಎಂಬ ಪುಟವನ್ನು ನೀವು ನೋಡಿರಬಹುದು. ಕೇಕಿನ ಡಬ್ಬದ ರಟ್ಟಿನ ಮೇಲೆ ಬಿಡಿಸಿದ ಸಣ್ಣ ಸಣ್ಣ ಚಿತ್ರಗಳು: ಒಣಹಾಕಿದ ಕಾಲುಚೀಲ, ಕಾಲು ಮುರಿದ ಸ್ಟೂಲು, ಮೆಟ್ಟಿಲ ಮೇಲೆ ಯಾರೋ ಬಿಟ್ಟುಹೋದ ಚಪ್ಪಲಿ. ಪ್ರತಿಯೊಂದರ ಕೆಳಗೂ ಎರಡು ಸಾಲು. ಆ ಸಾಲುಗಳನ್ನು ಓದಲಿಕ್ಕೆಂದೇ ಸಾವಿರಾರು ಜನ ಬೆಳಗಾಗೆದ್ದು ಪುಟ ತೆರೆಯುತ್ತಾರೆ. ಚಿತ್ರ ಬನ್ನಣ್ಣನ ಅತ್ತಿಗೆಯದು. ಫೋಟೊ ತೆಗೆಯುವುದು, ಬರೆಯುವುದು, ಕೇಳಿದವರಿಗೆಲ್ಲ ಉತ್ತರ ಕೊಡುವುದು, ಕೊಂಡವರಿಗೆ ಮೂಲೆ ಮಡಚದ ಹಾಗೆ ಕಟ್ಟಿ ಕಳಿಸುವುದು ಈ ಮೈದುನನ ಪಾಲು.

ಇದರಲ್ಲಿ ಒಂದು ತಮಾಷೆಯಿದೆ. ಬನ್ನಣ್ಣನಿಗೆ ಬಣ್ಣ ಕಾಣುವುದಿಲ್ಲ. ನೀಲಿ, ಹಳದಿ ಪರವಾಗಿಲ್ಲ. ಕೆಂಪು, ಹಸಿರು, ಕಂದು ಮೂರೂ ಅವರ ಕಣ್ಣಿಗೆ ಒಂದೇ ಕೊಡದ ನೀರು. ಹುಟ್ಟಿನಿಂದ ಬಂದದ್ದು.

"ಮೊದಲು ಮ್ಯಾಚಿಂಗ್ ಅಂಗಡಿಗೆ ಸೇರಿದ್ದೆ" ಎನ್ನುತ್ತಾರೆ. "ಯಾರೋ ಹಸಿರು ದಾರ ಕೇಳಿದ್ರು, ಕೊಟ್ಟೆ. ಅದು ಕೆಂಪಂತೆ. ಸಂಜೆಗೆ ಮನೇಲಿದ್ದೆ. ಕಣ್ಣಿಗೆ ಬೀಗ ಹಾಕೋಕಾಗಲ್ಲ, ಬಾಯಿಗೆ ಹಾಕಿಕೊಂಡೆ. ಇಲ್ಲಿ ಕೆಲಸಕ್ಕೆ ಸೇರಿದಾಗ ಯಜಮಾನರಿಗೂ ಹೇಳಲಿಲ್ಲ. ಬ್ರೆಡ್ ಸುಟ್ಟು ಕಪ್ಪಾದ್ರೆ ನನಗೂ ಕಾಣುತ್ತೆ. ಹದಕ್ಕೆ ಬಂತೋ ಇಲ್ಲವೋ ಅನ್ನೋದು ಮಾತ್ರ ಕಾಣಲ್ಲ. ಅದಕ್ಕೇ ತಟ್ಟೋದು. ಬೆಂದಿದ್ರೆ ಒಳಗೆ ಟೊಳ್ಳು ಸದ್ದು ಬರುತ್ತೆ."

ಅತ್ತಿಗೆಯ ಚಿತ್ರಗಳು ಮೊದಲು ಮಂಚದ ಕೆಳಗಿದ್ದವು. ನೋಡುತ್ತಿದ್ದವರು ಬನ್ನಣ್ಣನ ಅಣ್ಣ ಒಬ್ಬರೇ. ಅವರದು ಎಲ್ಲದಕ್ಕೂ "ಚೆನ್ನಾಗಿದೆ" ಎಂಬ ಒಂದೇ ಮಾತು. ಊಟಕ್ಕೂ ಅದೇ, ಚಿತ್ರಕ್ಕೂ ಅದೇ. ಡಬ್ಬದ ರಟ್ಟು ತಂದುಕೊಡುತ್ತಿದ್ದ ಮೈದುನನೇ ಒಂದು ದಿನ ಪುಟ ತೆರೆದು, ಬೇರೆಯವರ ಪುಟಗಳಲ್ಲಿ ನೋಡಿ ಕಲಿತಂತೆ 'ಅದ್ಭುತ, ಅಮೋಘ ಕಲಾಕೃತಿ' ಎಂದು ಹಾಕಿದರು. ಅತ್ತಿಗೆ ನಾಚಿಕೆಯಿಂದ ಕುಗ್ಗಿಹೋಗಿ, ನಿಂತ ನಿಲುವಿನಲ್ಲೇ ಅದನ್ನು ಅಳಿಸಿಹಾಕಿಸಿದರಂತೆ.

"ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಜನ ನಗಲ್ವಾ?" ಎನ್ನುತ್ತಾರೆ ಅತ್ತಿಗೆ. "ನನ್ನ ಬೆನ್ನು ನಾನೇ ತಟ್ಟಿಕೊಂಡ ಹಾಗೆ ಆಗುತ್ತೆ ಅಂದೆ. ಅದಕ್ಕೆ ಇವನು, 'ನಿಮ್ಮ ಬೆನ್ನಿಗೆ ನಿಮ್ಮ ಕೈ ಎಟುಕಲ್ಲ ಅತ್ತಿಗೆ, ನನ್ನ ಕೈ ಎಟುಕುತ್ತೆ' ಅಂದ."

ಹೊಗಳುವುದನ್ನು ಬಿಟ್ಟು ಬನ್ನಣ್ಣ ಕೇಳಲು ಶುರುಮಾಡಿದರು. ಈ ಸ್ಟೂಲು ಯಾವ ಬಣ್ಣ? ಕೆಂಪು. ಕೆಂಪು ಅಂದರೆ ನನಗೇನು ತಿಳಿಯಬೇಕು, ಬೇರೆ ಥರ ಹೇಳಿ. ಅತ್ತಿಗೆ ಕುಂಚ ತೊಳೆಯುತ್ತ ಯೋಚಿಸಿದರು. "ಜ್ವರ ಬಂದ ಮಗುವಿನ ಕಿವಿ ಮುಟ್ಟಿ ನೋಡಿದೀಯಾ? ಕೈಗೆ ಹತ್ತುತ್ತಲ್ಲ, ಅದು." ಕಿಟಕಿಯಲ್ಲಿಟ್ಟ ಬಾಟಲಿಯ ಹಸಿರು? "ಬಾಯಾರಿ ಬಂದು ಲೋಟ ಎತ್ತಿದಾಗ, ನೀರು ಗಂಟಲಿಗೆ ಇಳಿಯೋ ಮುಂಚೇನೇ ಒಂದು ನೆಮ್ಮದಿ ಆಗುತ್ತಲ್ಲ, ಅದು." ಬನ್ನಣ್ಣ ಅದನ್ನೇ ಬರೆದರು. ಸಂಜೆ ಕೇಳುವುದು, ಬೆಳಗಿನ ಜಾವ ಓವನ್ ಪಕ್ಕ ನಿಂತು ಹಾಕುವುದು. ಪುಟದಲ್ಲಿ ಅತ್ತಿಗೆಯ ಹೆಸರೊಂದೇ ಇದ್ದುದರಿಂದ, ಬರೆಯುವವರೂ ಅವರೇ ಎಂದು ಜನ ತಿಳಿದರು. ಎಲೆಯ ಮರೆಯಲ್ಲಿ ಕಾಯಿ ಇರುವುದು ಸಹಜವೆಂದು ಬನ್ನಣ್ಣ ಸುಮ್ಮನಿದ್ದರು.

ಎಡವಿದ್ದು ಕಳೆದ ತಿಂಗಳು. ಅತ್ತಿಗೆ ತಂಗಿಯ ಮನೆಗೆ ಹೋಗಿದ್ದರು, ಕೇಳಲು ಯಾರೂ ಇರಲಿಲ್ಲ. ಇಷ್ಟು ದಿನ ಬರೆದು ಕೈ ಪಳಗಿದೆಯಲ್ಲ ಎಂಬ ಧೈರ್ಯದ ಮೇಲೆ ಬನ್ನಣ್ಣ ತಾವೇ ಒಂದು ಬಾಗಿಲಿನ ಚಿತ್ರಕ್ಕೆ ಬರೆದರು: 'ಈ ಹಸಿರು ಬಾಗಿಲಿನ ಹಿಂದೆ ಯಾರೋ ಕಾಯುತ್ತಿದ್ದಾರೆ.' ಬಾಗಿಲು ಅಚ್ಚ ಕೆಂಪು. ಒಬ್ಬರು ಕೆಂಪಿನೊಳಗೆ ಅಡಗಿರುವ ಹಸಿರನ್ನು ಕಂಡ ಕಲಾವಿದೆ ಎಂದು ಉದ್ದನೆಯ ವ್ಯಾಖ್ಯಾನ ಬರೆದರು. ಅವರನ್ನು ಬಿಟ್ಟರೆ ಉಳಿದವರೆಲ್ಲ ನಕ್ಕರು. ಬಣ್ಣ ಗೊತ್ತಿಲ್ಲದವಳಿಗೆ ಕುಂಚ ಯಾಕೆ, ಮೊದಲು ಕಲಿತು ಬರಲಿ ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಊರಿಂದ ಬಂದ ಅತ್ತಿಗೆ ಅದನ್ನೆಲ್ಲ ಓದಿ, ಕುಂಚಗಳನ್ನು ಕಟ್ಟಿ ಮೇಲಿಟ್ಟು, "ಪುಟ ಮುಚ್ಚಿಬಿಡು" ಎಂದರು.

"ಆ ಪೋಸ್ಟ್ ಅಳಿಸಿಬಿಡಬಹುದಿತ್ತು" ಎನ್ನುತ್ತಾರೆ ಬನ್ನಣ್ಣ. "ಆದರೆ ಅಳಿಸಿದ್ರೆ ತಪ್ಪು ಅತ್ತಿಗೆದೇ ಅಂತ ಉಳಿಯುತ್ತೆ. ನಿಜ ಹೇಳಿದ್ರೆ ಯಜಮಾನರು ಓದ್ತಾರೆ, ಅವರೂ ಪುಟ ನೋಡೋರೇ. ಓವನ್ ಬಿಟ್ಟರೆ ನನಗೆ ಬೇರೆ ಕೆಲಸ ಬರಲ್ಲ. ಅವತ್ತು ಹಿಟ್ಟು ಉಬ್ಬಿ ಬಟ್ಟೆ ಮೇಲೆ ಬಂದರೂ ನಾನು ಮೊಬೈಲ್ ಹಿಡಿದುಕೊಂಡೇ ನಿಂತಿದ್ದೆ."

ಕೊನೆಗೆ ಬರೆದರು: 'ಚಿತ್ರ ಅತ್ತಿಗೆಯದು. ಬರೆಯುವವನು ನಾನು, ಅವರ ಮೈದುನ. ನನಗೆ ಕೆಂಪು ಹಸಿರು ತಿಳಿಯುವುದಿಲ್ಲ. ಬಾಗಿಲು ಕೆಂಪಂತೆ. ತಪ್ಪು ನನ್ನದು.' ಈ ಸಾಲುಗಳನ್ನು ನಾನು ಎಷ್ಟೋ ಸಲ ಓದಿದ್ದೇನೆ. ಆ 'ಕೆಂಪಂತೆ'ಯ ಹತ್ತಿರ ಬಂದಾಗಲೆಲ್ಲ ಹಿಂದಿರುಗಿ ಮೊದಲಿಂದ ಓದುತ್ತೇನೆ.

ಜನ ಮೆಚ್ಚಿದರು, ಹಂಚಿಕೊಂಡರು. ಯಜಮಾನರು ಓದಿದರು. ಮರುದಿನ ಬೆಳಿಗ್ಗೆ, "ಇನ್ನು ಮೇಲೆ ಕೌಂಟರಿನಲ್ಲಿ ನಿಲ್ಲು" ಎಂದರು. ಬನ್ನಣ್ಣ ಏಪ್ರನ್ ಬಿಚ್ಚಿ ಮೊಳೆಗೆ ನೇತುಹಾಕಿ ಕೌಂಟರಿಗೆ ಹೋದರು. ಓವನ್ ಮುಂದೆ ಕಣ್ಣು ಚೆನ್ನಾಗಿರುವ ಹೊಸಬರು ಬಂದರು.

ಮುಂದಿನದನ್ನು ಯಜಮಾನರೇ ಹೇಳುತ್ತಾರೆ, ಅಷ್ಟೇನೂ ಖುಷಿಯಿಂದಲ್ಲ. "ವಾರವೆಲ್ಲ ಬ್ರೆಡ್ ವಾಪಸ್ ಬಂತು. ನೋಡೋಕೆ ಲಕ್ಷಣವಾಗಿತ್ತು. ಕುಯ್ದರೆ ಚಾಕುವಿಗೆ ಹಿಟ್ಟು ಅಂಟುತ್ತೆ. ಬಣ್ಣ ಬಂದಿತ್ತು, ಬೆಂದಿರಲಿಲ್ಲ. ಹೋಗಿ ಆ ಮೊಳೆ ಮೇಲಿಂದ ಏಪ್ರನ್ ತಂದು ನಾನೇ ಇವನ ಕೈಗೆ ಕೊಟ್ಟೆ."

ಬನ್ನಣ್ಣ ಓವನ್ನಿಗೆ ಮರಳಿದ ಮೇಲೂ ಅತ್ತಿಗೆ ಕುಂಚ ಮುಟ್ಟಿರಲಿಲ್ಲ. ಕೆಲಸ ಉಳಿಯಿತಲ್ಲ, ಇನ್ನೇನು ಬೇಕು ಎಂದು ಬನ್ನಣ್ಣನನ್ನು ಕೇಳಿದೆ. "ನನಗೇನೂ ಬೇಡ. ಅವರು ಮತ್ತೆ ಕೂತು ಬಿಡಿಸಿದ್ರೆ ಸಾಕು" ಎಂದರು. ರಟ್ಟು ಮಾತ್ರ ದಿನವೂ ಒಯ್ಯುತ್ತಾರೆ. ಮೇಜಿನ ಮೇಲೆ ಇಡುತ್ತಾರೆ. ಹಳೆಯ ಚಿತ್ರಗಳನ್ನೇ ಒಂದೊಂದಾಗಿ ಪುಟಕ್ಕೆ ಹಾಕುತ್ತ ದಿನ ತಳ್ಳುತ್ತಿದ್ದಾರೆ.

ಬಿಸಿಲು ಏರುವಷ್ಟರಲ್ಲಿ ಅವರ ಪಾಳಿ ಮುಗಿಯುತ್ತದೆ. ಕಂಕುಳಲ್ಲಿ ರಟ್ಟು, ಕೈಯಲ್ಲೊಂದು ಬ್ರೆಡ್. ನಾನೂ ಜೊತೆಗೆ ಹೋಗುತ್ತೇನೆ. ಎರಡು ಕೋಣೆಯ ಮನೆ, ಕಿರಿದಾದ ಮೆಟ್ಟಿಲು. ಒಳಗೆ ಕಾಲಿಟ್ಟ ಬನ್ನಣ್ಣ ಬಾಗಿಲಲ್ಲೇ ನಿಲ್ಲುತ್ತಾರೆ. ಅಡುಗೆಮನೆಯ ಕಿಟಕಿಯ ಪಕ್ಕ, ಲೋಟದ ನೀರಿನಲ್ಲಿ ಕುಂಚ ನಿಂತಿದೆ. ಮೇಜಿನ ಮೇಲೆ ಒಂದು ರಟ್ಟು, ಅದರಲ್ಲಿ ಬಿಡಿಸಿದ ಒಂದು ಬ್ರೆಡ್, ಬೆನ್ನು ಮೇಲಾಗಿ ಮಗುಚಿದ್ದು. ಇಷ್ಟು ವರ್ಷ ಮನೆಯದನ್ನೇ ಬಿಡಿಸಿದ ಅತ್ತಿಗೆ ಮೈದುನನ ಕೆಲಸದ ಕಡೆ ತಿರುಗಿದ್ದು ಇದೇ ಮೊದಲು.

ಬನ್ನಣ್ಣ ಕೈಯಲ್ಲಿದ್ದದ್ದನ್ನು ಕೆಳಗಿಡುವುದನ್ನೂ ಮರೆತು ಕೇಳುತ್ತಾರೆ, "ಇದು ಯಾವ ಬಣ್ಣ ಅತ್ತಿಗೆ?"

ಅತ್ತಿಗೆ ತಲೆ ಎತ್ತುವುದಿಲ್ಲ. "ನನ್ನನ್ನೇನು ಕೇಳ್ತೀಯಾ? ತಟ್ಟಿ ನೋಡು."

ಬನ್ನಣ್ಣ ಬ್ರೆಡ್ ಕೆಳಗಿಟ್ಟು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಚಿತ್ರದ ರಟ್ಟನ್ನು ಅಂಚಿನಲ್ಲಿ ಹಿಡಿದು ಎತ್ತುತ್ತಾರೆ. ಕಿವಿಯ ಹತ್ತಿರ ತಂದು ಅದರ ಬೆನ್ನು ತಟ್ಟುತ್ತಾರೆ. ಇನ್ನೊಮ್ಮೆ ತಟ್ಟಿ ಕಿವಿಗೊಡುತ್ತಾರೆ.

"ಬೆಂದಿದೆ" ಎನ್ನುತ್ತಾರೆ.