‘ಇಟ್ಟುಕೊಳ್ಳಬೇಡ’ ಎಂಬ ಮಾತನ್ನು ಅಳಿಸಿದವಳು

ನಸ್ರೀನ್ ಆಪಾ ತಪ್ಪು ಮಾಡಿರಲಿಲ್ಲ. ತಪ್ಪು ಮಾಡಿದವಳು ನಾನು. ಅದು ನನ್ನದೇ ಎಂದು ಅದೇ ದಿನ ಸಂಜೆಯೊಳಗೆ ನನಗೆ ಗೊತ್ತಾಗಿತ್ತು. ಗೊತ್ತಾದ ಮೇಲೂ ಸುಮ್ಮನಿದ್ದೆ — ವರ್ಷಗಟ್ಟಲೆ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆಂದು ಇಟ್ಟುಕೊಂಡರೆ ದಾರಿಯುದ್ದಕ್ಕೂ ನನ್ನನ್ನು ನಾನೇ ತೊಳೆದು ಬೆಳ್ಳಗೆ ಮಾಡಿಕೊಳ್ಳುತ್ತ ಹೋಗುತ್ತೇನೆ; ಆ ವಿದ್ಯೆ ನನಗೆ ಚೆನ್ನಾಗಿ ಬರುತ್ತದೆ.

ನನ್ನ ಹೆಸರು ಜಗದೇವಿ. ಊರು ಬಸವಕಲ್ಯಾಣ ತಾಲ್ಲೂಕಿನ ಮೋರಖಂಡಿ. ಹುಮನಾಬಾದಿನಲ್ಲಿ ಬೀಜ-ಗೊಬ್ಬರದ ಅಂಗಡಿಯೊಂದರ ಮೇಲೆ ಎರಡು ಕೋಣೆಯ ಆಫೀಸು ನಮ್ಮದು. ಸುತ್ತಲಿನ ಅಂಗಡಿ, ಶಾಲೆ, ಲ್ಯಾಬುಗಳಿಗೆ ವೆಬ್ ಸಾಫ್ಟ್‌ವೇರ್ ಬರೆದುಕೊಡುತ್ತೇವೆ. ಮೆಟ್ಟಿಲು ಹತ್ತುವಾಗ ಯೂರಿಯಾ ವಾಸನೆ ಮೂಗಿಗೆ ಹೊಡೆಯುತ್ತದೆ, ಆದರೆ ಮೇಲೆ ನಡೆಯುವ ಕೆಲಸ ಯಾವ ದೊಡ್ಡ ಊರಿನ ಕೆಲಸಕ್ಕೂ ಕಡಿಮೆಯಿಲ್ಲ. ಕೆಲಸದಲ್ಲಿ ನಾನು ಗಟ್ಟಿ. ಆಗಲೂ ಗಟ್ಟಿಯಿದ್ದೆ, ಈಗ ಇನ್ನೂ ಗಟ್ಟಿ. ಇದನ್ನು ಹೇಳಲು ನಾಚಿಕೆಯಿಲ್ಲ. ನಾಚಿಕೆ ಬೇರೆಯದಕ್ಕೆ ಮೀಸಲಾಗಿದೆ.

ಬಸವಕಲ್ಯಾಣದ ಒಂದು ರಕ್ತ ತಪಾಸಣೆಯ ಲ್ಯಾಬಿಗೆ ನಾನೊಂದು ಅನುಕೂಲ ಮಾಡಿಕೊಟ್ಟಿದ್ದೆ. ರಿಪೋರ್ಟಿಗಾಗಿ ಜನ ಮತ್ತೆ ಬಂದು ಕಾಯಬೇಕಾಗಿಲ್ಲ. ತಮ್ಮ ಫೋನ್ ನಂಬರ್ ಹಾಕಿ ಒಳಗೆ ಹೋದರೆ ‘ನನ್ನ ರಿಪೋರ್ಟ್’ ಎಂಬ ಪುಟ ತೆರೆದುಕೊಳ್ಳುತ್ತದೆ. ಯಾರ ರಿಪೋರ್ಟಿಗೆ ಯಾವ ಫೋನ್ ನಂಬರ್ ಎಂದು ಕಂಪ್ಯೂಟರಿಗೆ ತುಂಬುವುದು ಕೌಂಟರಿನಲ್ಲಿ ಕೂಡುತ್ತಿದ್ದ ನಸ್ರೀನ್ ಆಪಾರ ಕೆಲಸ. ನನಗಿಂತ ದೊಡ್ಡವರು, ಮಾತು ಜೋರು, ನಗು ಅದಕ್ಕಿಂತ ಜೋರು. ನಾನು ಹೋದಾಗಲೆಲ್ಲ ‘ಬಾ ಬೇಟಾ, ನಿನ್ನ ಮಷೀನ್ ಇವತ್ತ ಮುನಿಸಿಕೊಂಡದ ನೋಡು’ ಎನ್ನುತ್ತಿದ್ದರು.

ಇನ್ನು ನನ್ನ ತಪ್ಪನ್ನು ಬಿಡಿಸಿ ಹೇಳಬೇಕು. ‘ಏನೋ ತಾಂತ್ರಿಕ ದೋಷ’ ಎಂದು ತೇಲಿಸಿಬಿಡಬಹುದು, ನನ್ನ ಕಸುಬಿನವರು ಹಾಗೇ ಮಾಡುತ್ತಾರೆ. ಆದರೆ ಅದು ದೋಷವಲ್ಲ, ನಿರ್ಧಾರ — ನನ್ನ ನಿರ್ಧಾರ.

ಸರ್ವರಿನಿಂದ ಫೋನಿಗೆ ಒಂದು ಪುಟ ಹೊರಟಾಗ ಅದರ ತಲೆಯ ಮೇಲೆ ಕೆಲವು ಸಾಲುಗಳಿರುತ್ತವೆ. ಓದುವವರ ಕಣ್ಣಿಗೆ ಅವು ಬೀಳುವುದಿಲ್ಲ. ಯಂತ್ರಕ್ಕೆ ಯಂತ್ರ ಹೇಳಿಕೊಳ್ಳುವ ಸೂಚನೆಗಳು. ಅವಕ್ಕೆ ಹೆಡರ್ ಎನ್ನುತ್ತೇವೆ. ಪ್ರತಿ ಹೆಡರಿಗೂ ಒಂದು ಹೆಸರು, ಹೆಸರಿನ ಮುಂದೆ ಒಂದು ಮಾತು. ಪುಟ ತಯಾರಿಸುವ ಪ್ರೋಗ್ರಾಮ್ ಒಂದು ಕಡೆ, ಫೋನು ಇನ್ನೊಂದು ಕಡೆ; ನಡುವೆ ನಿಂತು ಈ ಹೆಡರುಗಳನ್ನು ನೋಡಿ, ತಿದ್ದಿ, ಮುಂದೆ ದಾಟಿಸುವ ಪ್ರೋಗ್ರಾಮಿಗೆ ಮಿಡಲ್‌ವೇರ್ ಎಂದು ಹೆಸರು. ಲ್ಯಾಬಿನ ಮಿಡಲ್‌ವೇರನ್ನು ಬರೆದವಳು ನಾನು. ಬರೆಯುವಾಗ ಒಂದು ಪ್ರಶ್ನೆ ಎದುರಾಗುತ್ತದೆ: ಒಂದೇ ಹೆಸರಿನ ಹೆಡರ್ ಎರಡು ಸಲ ಬಂದರೆ ಏನು ಮಾಡಬೇಕು?

ನಾನು ಯೋಚಿಸಲೇ ಇಲ್ಲ. ಕಡೆಯದನ್ನು ಉಳಿಸು, ಮೊದಲಿನದನ್ನು ಬಿಡು — ಅಷ್ಟೇ ಬರೆದೆ.

ಇದು ನನಗೆ ಪುಸ್ತಕದಿಂದ ಬಂದದ್ದಲ್ಲ, ಅಪ್ಪನಿಂದ ಬಂದದ್ದು. ಅಪ್ಪ ದನದ ದಲಾಲಿ. ಸಂತೆಯಲ್ಲಿ ಎಮ್ಮೆಯ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೊಳ್ಳುವವನೂ ಮಾರುವವನೂ ಟವೆಲ್ಲಿನ ಕೆಳಗೆ ಕೈ ಹಿಡಿದುಕೊಂಡು ಬೆರಳು ಒತ್ತುತ್ತಾರೆ. ಒಂದು ಸಲ ಒತ್ತುತ್ತಾರೆ, ತಲೆಯಾಡಿಸುತ್ತಾರೆ, ಮತ್ತೆ ಒತ್ತುತ್ತಾರೆ. ‘ಮೊದ್ಲ ಹಿಡಿದದ್ದು ಬರೇ ಮಾತಾಡ್ಸೋದು ತಂಗಿ, ಕಡೀಗಿ ಯಾವ ಬೆರಳ ಹಿಡೀತಾರ ಅದೇ ಖರೇ’ ಎಂದು ಅಪ್ಪ ಹೇಳುತ್ತಿದ್ದ. ಎಮ್ಮೆಗಳ ನಡುವೆ ನಿಂತು ಕಲಿತ ಲೆಕ್ಕ ಸರ್ವರಿಗೂ ಸರಿಹೋಯಿತಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ. ಆಫೀಸಿನಲ್ಲಿ ಹೇಳಿಕೊಂಡು ನಗಿಸಿಯೂ ಇದ್ದೆ.

ಬಸವಕಲ್ಯಾಣದಲ್ಲಿ ಪುಟ ನಿಧಾನ ತೆರೆಯುತ್ತದೆಂದು ಲ್ಯಾಬಿನವರು ದೂರಿದರು. ಸರ್ವರಿಗೂ ಫೋನುಗಳಿಗೂ ನಡುವೆ, ಎಲ್ಲರಿಗೂ ಸೇರಿ ಪುಟಗಳ ನಕಲು ಇಟ್ಟುಕೊಳ್ಳುವ ಒಂದು ಯಂತ್ರವಿರುತ್ತದೆ; ಅದಕ್ಕೆಂದು ನಾನು ಎಲ್ಲ ಪುಟಗಳಿಗೂ ಒಂದು ಹೆಡರ್ ಸೇರಿಸಿದೆ: ‘ಈ ಪುಟದ ನಕಲನ್ನು ಸ್ವಲ್ಪ ಹೊತ್ತು ಇಟ್ಟುಕೋ, ಮತ್ತೆ ಯಾರಾದರೂ ಕೇಳಿದರೆ ಅದನ್ನೇ ಕೊಡು.’ ಆದರೆ ರಿಪೋರ್ಟಿನ ಪುಟಕ್ಕೆ ಅದೇ ಹೆಸರಿನ ಇನ್ನೊಂದು ಹೆಡರ್ ಮೊದಲೇ ಇತ್ತು: ‘ಇದು ಒಬ್ಬರಿಗೆ ಮಾತ್ರ, ಇಟ್ಟುಕೊಳ್ಳಬೇಡ.’ ಎರಡೂ ಹಾಗೆಯೇ ಹೋಗಿದ್ದರೆ ಬಿಗಿಯಾದ ಮಾತೇ ನಡೆಯುತ್ತಿತ್ತು, ಏನೂ ಆಗುತ್ತಿರಲಿಲ್ಲ. ನನ್ನ ಮಿಡಲ್‌ವೇರ್ ಕಡೆಯದನ್ನು ಉಳಿಸಿಕೊಂಡು ಮೊದಲಿನದನ್ನು ಅಳಿಸಿತು.

ಅದೇ ವಾರ ಸವಿತಾ ಎಂಬ ಹುಡುಗಿಯ ರಕ್ತ ತಪಾಸಣೆಯಾಯಿತು. ಅವಳ ತಾಯಿ ಕಾಶೀಬಾಯಿ, ನಸ್ರೀನ್ ಆಪಾ ಇಬ್ಬರದೂ ಒಂದೇ ಓಣಿ. ಚಿಕ್ಕಂದಿನಿಂದ ಜೋಡಿ, ಹಬ್ಬಕ್ಕೆ ಹೋಳಿಗೆ ಆ ಮನೆಗೆ, ಈದಿಗೆ ಶೀರ್‌ಖುರ್ಮಾ ಈ ಮನೆಗೆ. ಸವಿತಾಳಿಗೆ ಕೊಡಂಬಲದ ಕಡೆಯ ಸಂಬಂಧ ಗೊತ್ತಾಗಿತ್ತು. ರಿಪೋರ್ಟಿನಲ್ಲಿ ಆ ವಯಸ್ಸಿಗೇ ಸಕ್ಕರೆ ಕಾಯಿಲೆ ಎಂದಿತ್ತು. ಇಂದು ಇನ್ಸುಲಿನ್ ತೆಗೆದುಕೊಂಡು ಆರಾಮಾಗಿದ್ದಾಳೆ, ಬೇರೆ ಕಡೆ ಮದುವೆಯೂ ಆಗಿದೆ. ಆದರೆ ಅವತ್ತು ಅದನ್ನು ಗಂಡಿನವರಿಗೆ ಹೇಗೆ, ಯಾವಾಗ ಹೇಳಬೇಕು ಎಂಬುದು ಅವಳ ಮನೆಯವರು ಕೂತು ಯೋಚಿಸಬೇಕಾದ ಮಾತಾಗಿತ್ತು. ಆ ಅವಕಾಶ ಅವರಿಗೆ ಸಿಗಲಿಲ್ಲ. ರಿಪೋರ್ಟ್ ತಯಾರಿದೆ ಎಂಬ ಸಂದೇಶ ಎಲ್ಲರಿಗೂ ಒಟ್ಟಿಗೇ ಹೋಗಿತ್ತು. ಸವಿತಾ ತನ್ನದನ್ನು ತೆರೆದ ಬೆನ್ನಿಗೇ, ಅದೇ ಲ್ಯಾಬಿನಲ್ಲಿ ರಕ್ತ ಕೊಟ್ಟಿದ್ದ ಎದುರುಮನೆಯ ಹೆಂಗಸು ತನ್ನದನ್ನು ತೆರೆದಳು, ಇಟ್ಟುಕೊಂಡಿದ್ದ ನಕಲು ಅವಳಿಗೆ ಸಿಕ್ಕಿತು — ಸವಿತಾಳ ಹೆಸರು, ಸವಿತಾಳ ಸಕ್ಕರೆ. ಆ ಹೆಂಗಸು ಗಂಡಿನ ಕಡೆಯವರಿಗೆ ದೂರದ ನೆಂಟಳು. ಸಂಬಂಧ ಮುರಿಯಿತು.

ಮರುದಿನ ಲ್ಯಾಬ್ ನಡೆಸುವ ಡಾಕ್ಟರ್ ಸಾಹೇಬರು ನನ್ನನ್ನು ಕರೆಸಿದರು. ಸವಿತಾಳ ರಿಪೋರ್ಟಿಗೆ ಕೌಂಟರಿನಲ್ಲಿ ಎದುರುಮನೆಯವಳ ನಂಬರ್ ಬಿದ್ದಿರಬೇಕು ಎಂಬುದು ಅವರ ಅನುಮಾನ. ಲ್ಯಾಬಿನ ಒಳಕೋಣೆಯಲ್ಲಿ ಕಾಶೀಬಾಯಿ ಗೋಡೆಗೆ ಒರಗಿ ನಿಂತಿದ್ದರು. ನಸ್ರೀನ್ ಆಪಾ ಕಂಪ್ಯೂಟರನ್ನು ತೋರಿಸುತ್ತ ಅನ್ನುತ್ತಿದ್ದರು: ‘ನೋಡ್ರಿ ಸಾಹೇಬ್ರ, ನಂಬರ್ ಬರೋಬ್ಬರಿ ಅದ. ಕಾಶೀ, ನಿನ್ನ ಮಗಳ ನಂಬರ್ ನನಗ ಬಾಯಿಪಾಠ ಅದ, ನಾ ಹ್ಯಾಂಗ ತಪ್ಪ ಹಾಕ್ಲಿ?’

‘ಆಮ್ಯಾಲ ತಿದ್ದಿರಬಹುದಲ್ಲ?’ ಎಂದರು ಸಾಹೇಬರು. ಮತ್ತೆ ನನ್ನ ಕಡೆ ತಿರುಗಿ, ‘ನಿಮ್ಮ ಸಾಫ್ಟ್‌ವೇರ್ ಏನರ ತಪ್ಪ ಮಾಡಿರ್ತದೇನ್ರಿ?’ ಎಂದು ಕೇಳಿದರು.

ನಾನು ಹೇಳಿದೆ — ಆ ಮಾತನ್ನು ಇಲ್ಲಿ ಇದ್ದಂತೆಯೇ ಬರೆಯುತ್ತೇನೆ — ‘ಸಾಫ್ಟ್‌ವೇರ್ ತಪ್ಪ ಮಾಡಂಗಿಲ್ರಿ ಸರ್. ಕೈ ತಪ್ಪ ಮಾಡ್ತದ.’

ಕಾಶೀಬಾಯಿ ಹೊರಗೆ ಹೋದರು. ನಸ್ರೀನ್ ಆಪಾ ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ, ಗುರುತು ಹತ್ತದವರನ್ನು ನೋಡುವ ಹಾಗೆ.

ಆ ಹೊತ್ತಿಗೆ ನನಗೆ ಗೊತ್ತಿರಲಿಲ್ಲ, ನಿಜ. ಆದರೆ ಹುಮನಾಬಾದಿಗೆ ಮರಳುವ ಬಸ್ಸಿನಲ್ಲಿ ಮನಸ್ಸು ಸುಮ್ಮನಿರಲಿಲ್ಲ. ನಾನು ಗಟ್ಟಿ ಎಂದೆನಲ್ಲ — ಗಟ್ಟಿಯಾದವಳಿಗೆ ತನ್ನ ತಪ್ಪು ಹುಡುಕಲು ಎಷ್ಟು ಹೊತ್ತು ಬೇಕು? ಆಫೀಸಿಗೆ ಬಂದು ಎರಡು ಫೋನಿನಿಂದ ಪುಟ ತೆರೆದು ನೋಡಿದೆ. ಒಂದರ ರಿಪೋರ್ಟ್ ಇನ್ನೊಂದರಲ್ಲಿ ಬಂತು. ಸಂಜೆಯ ಚಹಾ ಬರುವುದರೊಳಗೆ ತಿದ್ದಿ ಮುಗಿಸಿದ್ದೆ. ಆ ಕೂಡಲೇ ಒಂದು ಫೋನ್ ಮಾಡಿದ್ದರೆ — ಮಾಡಲಿಲ್ಲ. ಲ್ಯಾಬಿನ ಕೆಲಸ ಕೈತಪ್ಪುತ್ತದೆಂಬ ಭಯವೂ ಅಲ್ಲ ಅದು. ‘ಜಗದೇವಿ ಬರೆದದ್ದು ತಪ್ಪುವುದಿಲ್ಲ’ ಎಂಬ ಮಾತು ಎರಡೂ ಊರಿನಲ್ಲಿತ್ತು, ಅದನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರೆ. ಇಲ್ಲಿ ಬರೆ ಹಾಕಿಸಿದ್ದು ಎತ್ತೇ. ಮುಂದಿನದು ಅದಕ್ಕಿಂತ ಕೆಟ್ಟದು. ನಸ್ರೀನ್ ಆಪಾರನ್ನು ಕೆಲಸಕ್ಕೆ ಬರಬೇಡಿ ಎಂದರು. ನಾನು ತಿದ್ದಿದ್ದರಿಂದ ಆಮೇಲೆ ಒಂದೂ ತಪ್ಪು ರಿಪೋರ್ಟ್ ಹೋಗಲಿಲ್ಲ. ‘ನೋಡ್ರಿ ಮೇಡಂ, ಆಕಿ ಹೋದ ಮ್ಯಾಲ ಒಂದರ ಗಲತಿ ಆಗ್ಯದೇನು?’ ಎಂದು ಸಾಹೇಬರು ನನ್ನೆದುರು ಖುಷಿಯಿಂದ ಹೇಳಿದರು. ನಾನು ಕದ್ದು ಮಾಡಿದ ರಿಪೇರಿಯೇ ಆಕೆಯ ಮೇಲಿನ ಸಾಕ್ಷಿಯಾಯಿತು. ತಲೆಯಾಡಿಸಿ ಅವರು ಕೊಟ್ಟ ಚಹಾ ಕುಡಿದು ಬಂದೆ.

ವರ್ಷಗಳು ಹೋದವು. ನಾನು ಬೆಳೆದೆ. ಒಂದೇ ಹೆಸರಿನ ಹೆಡರ್ ಎರಡು ಸಲ ಬಂದರೆ ಏನು ಮಾಡಬೇಕೆಂದು ಈಗ ಆಫೀಸಿನ ಹೊಸಬರಿಗೆ ನಾನೇ ಹೇಳಿಕೊಡುತ್ತೇನೆ, ಚೆನ್ನಾಗಿಯೇ ಹೇಳಿಕೊಡುತ್ತೇನೆ. ಕೆಲವನ್ನು ಕೂಡಿಸಿ ಓದಬಹುದು. ಕೆಲವನ್ನು ಬೇರೆ ಬೇರೆಯಾಗಿಯೇ ಬಿಡಬೇಕು. ಕೆಲವು ಎರಡು ಸಲ ಬರುವುದೇ ತಪ್ಪು, ಬಂದರೆ ಬಾಗಿಲಲ್ಲೇ ತಡೆಯಬೇಕು. ಯಾವುದು ಯಾವ ಜಾತಿಯದೆಂದು ತಿಳಿಯದೆ ಒಂದನ್ನು ಎಸೆಯಬಾರದು. ಇದನ್ನು ಎಲ್ಲಿ ಕಲಿತಿರಿ ಎಂದು ಯಾರೂ ಕೇಳಿಲ್ಲ, ಕೇಳಿದ್ದರೆ —

ಈಚೆಗೆ ಒಂದು ದಿನ ಹುಮನಾಬಾದಿನ ಮಾಣಿಕನಗರದಲ್ಲಿ ಆಟೋಗೆ ಕಾಯುತ್ತಿದ್ದೆ. ಎದುರಿನ ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚುತ್ತಿದ್ದವರು ನಸ್ರೀನ್ ಆಪಾ. ದಿನಾ ಬಸವಕಲ್ಯಾಣದಿಂದ ಬಸ್ಸಿಗೆ ಬಂದು ಹೋಗುತ್ತಾರೆಂದು ಆಮೇಲೆ ತಿಳಿಯಿತು. ಅಷ್ಟರಲ್ಲಿ ಒಂದು ಆಟೋದಿಂದ ಕಾಶೀಬಾಯಿ ಇಳಿದರು. ಆಪಾ ನೋಡಿದರು, ಕೈ ಅರ್ಧ ಎತ್ತಿದರು. ಕಾಶೀಬಾಯಿ ಸೆರಗು ಎಳೆದುಕೊಂಡು ರಸ್ತೆಯ ಆಚೆ ಬದಿಗೆ ದಾಟಿ ಹೋದರು. ಎತ್ತಿದ ಕೈಯನ್ನು ಆಪಾ ಸೀರೆಯ ಮೇಲೆ ಇಳಿಸಿ ಮಡಿಕೆ ಸವರತೊಡಗಿದರು. ಅವರು ಕಳೆದುಕೊಂಡದ್ದು ಕೌಂಟರಿನ ಕೆಲಸ ಎಂದು ನಾನು ಅಷ್ಟು ವರ್ಷ ಅಂದುಕೊಂಡಿದ್ದೆ. ಅಲ್ಲ, ಕಾಶೀಬಾಯಿಯನ್ನು.

ಆಟೋ ಬಂದರೂ ಹತ್ತಲಿಲ್ಲ. ನೇರವಾಗಿ ಅಂಗಡಿಗೆ ಹೋಗಿ, ಹೆಡರಿನಿಂದ ಹಿಡಿದು ಚಹಾದವರೆಗೆ ಎಲ್ಲ ಹೇಳಿದೆ. ಆಪಾ ಮಡಚುವುದನ್ನು ನಿಲ್ಲಿಸಲಿಲ್ಲ. ಕಡೆಗೆ ಹೇಳಿದರು:

‘ನಾ ಗಲತಿ ಮಾಡಿಲ್ಲಂತ ನನಗ ಅವತ್ತೇ ಗೊತ್ತಿತ್ತು. ನನಗ ಗೊತ್ತಿದ್ದದ್ದೇ ನನಗ ಬಂದು ಹೇಳಾಕತ್ತೀಯಲ್ಲ ಬೇಟಾ. ಗೊತ್ತಿಲ್ಲದವ್ರಿಗಿ ಹೇಳು, ಹೋಗು.’

ಅಪ್ಪನ ಟವೆಲ್ಲು ಆಗ ನೆನಪಾಯಿತು. ಕಡೆಯ ಬೆರಳೇ ಖರೇ ಎಂಬುದನ್ನು ಕಲಿತಿದ್ದೆ. ಟವೆಲ್ಲು ಹಾಕುವುದೇ ಎರಡು ಕೈ ನಡುವಿನದು ಮೂರನೆಯವರಿಗೆ ಕಾಣಬಾರದೆಂದು — ಅದನ್ನು ಕಣ್ಣಾರೆ ನೋಡಿಯೂ ಕಲಿತಿರಲಿಲ್ಲ. ಸವಿತಾಳ ಮೇಲಿನ ಟವೆಲ್ಲನ್ನು ಎಳೆದು, ನನ್ನ ತಪ್ಪಿನ ಮೇಲೆ ಹೊದಿಸಿದ್ದೆ.

ಮರುದಿನ ಮಧ್ಯಾಹ್ನ ಬಸವಕಲ್ಯಾಣಕ್ಕೆ ಹೋದೆ. ಕಾಶೀಬಾಯಿಯ ಮನೆಯ ಬಾಗಿಲಲ್ಲೇ ನಿಂತು ಹೇಳಿದೆ. ‘ಅವತ್ತ ಕೈ ತಪ್ಪ ಮಾಡ್ತದ ಅಂದಿದ್ದೆ, ನೆನಪದೇನ್ರಿ? ತಪ್ಪಿದ್ದು ನನ್ನ ಕೈರಿ. ನಸ್ರೀನ್ ಆಪಾ ಬರೋಬ್ಬರಿ ಹಾಕಿದ್ರು. ಅವತ್ತೇ ನನಗ ಗೊತ್ತಾಗಿತ್ತು. ಮುಚ್ಚಿಟ್ಟೆ.’

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

‘ಆಕಿ ಯಾವ ಬಸ್ಸಿಗಿ ಬರ್ತಾಳ?’ ಎಂದು ಕೇಳಿದರು.

ಸಂಜೆಯ ಬಸ್ಸಿಗೆ ಎಂದೆ. ಅದು ಬರಲು ಇನ್ನೂ ಬಹಳ ಹೊತ್ತಿತ್ತು. ಅವರು ಚಪ್ಪಲಿ ಮೆಟ್ಟಿ, ಬಾಗಿಲು ಮುಂದೆ ಮಾಡಿಕೊಂಡು, ನನ್ನನ್ನು ದಾಟಿ ಬಸ್ ಸ್ಟ್ಯಾಂಡಿನ ದಾರಿ ಹಿಡಿದರು. ನಮ್ಮ ಕಡೆ ವೈರಿ ಬಂದರೂ ‘ಕೂಡು, ಚಹಾ ಕುಡಿ’ ಎನ್ನುತ್ತಾರೆ. ನನಗೆ ನೀರನ್ನೂ ಕೇಳಲಿಲ್ಲ. ಅದು ನ್ಯಾಯವೇ.

ಲ್ಯಾಬಿಗೆ ಹೋಗುವುದು ಇನ್ನೂ ಇದೆ. ನಾಳೆ ಬೆಳಿಗ್ಗೆ, ಬೆಂಚಿನ ತುಂಬ ಜನ ಕೂತಿರುವ ಹೊತ್ತಿಗೇ ಹೋಗುತ್ತೇನೆ. ಸಾಹೇಬರು ಒಳಕೋಣೆಗೆ ಕರೆದರೆ ಬರುವುದಿಲ್ಲ ಎನ್ನುತ್ತೇನೆ. ಕೌಂಟರಿನ ಮುಂದೆ ನಿಂತೇ ಹೇಳುತ್ತೇನೆ.