ಒಂದೇ ಡಬ್ಬಿಯ ಪೆಲೆಟ್ಟುಗಳು

ನನ್ನ ವಾರಗಿತ್ತಿಯನ್ನು ಪೀಣ್ಯದ ಶೂಟಿಂಗ್ ಕ್ಲಬ್ಬಿಗೆ ಕರೆದುಕೊಂಡು ಹೋದವಳು ನಾನೇ. ಮಾದನಾಯಕನಹಳ್ಳಿಯ ಒಂದೇ ಮನೆಯಲ್ಲಿ ಕೆಳಗೆ ಅತ್ತೆಯ ಜೊತೆ ನಾವು, ಮೇಲೆ ಮೈದುನನ ಸಂಸಾರ. ಭಾನುವಾರವೆಲ್ಲ ಅವಳೊಬ್ಬಳೇ ಟೀವಿ ಮುಂದೆ ಕೂತಿರುತ್ತಾಳಲ್ಲ ಎಂದು ಕನಿಕರಪಟ್ಟೆ. ಆ ಕನಿಕರ ನನಗೆ ಯಾಕೆ ಬೇಕಿತ್ತೋ! ವರ್ಷ ತಿರುಗುವುದರೊಳಗೆ ಅವಳು ನನಗಿಂತ ಚೆನ್ನಾಗಿ ಗುರಿ ಹೊಡೆಯತೊಡಗಿದಳು.

ನಮ್ಮದು ಏರ್ ರೈಫಲ್. ಗಾಳಿಯ ಒತ್ತಡಕ್ಕೆ ಸೀಸದ ಪುಟ್ಟ ಪೆಲೆಟ್ ಹಾರಿ ಹತ್ತು ಮೀಟರ್ ಆಚೆಯ ಕಾಗದವನ್ನು ತೂತು ಮಾಡುತ್ತದೆ. ದೊಡ್ಡ ರೈಫಲ್ಲಿನವರು ತೋಟೆಯ ಮದ್ದು, ಆ ಮದ್ದನ್ನು ಹೊತ್ತಿಸುವ ಪ್ರೈಮರ್ ಎಂದು ಗಂಟೆಗಟ್ಟಲೆ ವಾದ ಮಾಡುತ್ತಾರಂತೆ. ನಮ್ಮ ತಲೆನೋವೆಲ್ಲ ಪೆಲೆಟ್ಟಿನದು. ಕಂಪನಿ ಒಂದೇ, ಅಳತೆ ಒಂದೇ ಆದರೂ ಒಂದು ಬ್ಯಾಚ್ ನಿಮ್ಮ ನಳಿಗೆಗೆ ಒಗ್ಗುತ್ತದೆ, ಇನ್ನೊಂದು ಒಗ್ಗುವುದಿಲ್ಲ. ಅದಕ್ಕೇ ರೈಫಲನ್ನು ಮೇಜಿನ ಮೇಲಿನ ಕಬ್ಬಿಣದ ಇಕ್ಕಳಕ್ಕೆ, ಅಂದರೆ ವೈಸಿಗೆ ಬಿಗಿದು, ಕೈ ನಡುಕದ ಪ್ರಶ್ನೆಯೇ ಬರದಂತೆ, ಬೇರೆ ಬೇರೆ ಡಬ್ಬಿಯ ಪೆಲೆಟ್ ಹಾರಿಸಿ ನೋಡುತ್ತೇವೆ. ಯಾವುದು ಮತ್ತೆ ಮತ್ತೆ ಒಂದೇ ತೂತಿನಲ್ಲಿ ಹೋಗುತ್ತದೋ ಅದನ್ನು ಕೊಳ್ಳುತ್ತೇವೆ.

ನಮ್ಮಿಬ್ಬರ ರೈಫಲ್ಲೂ ಒಂದೇ ಮಾದರಿಯದು. ನನ್ನ ಹಣೆಬರಹ, ಎರಡಕ್ಕೂ ಒಗ್ಗಿದ್ದು ಒಂದೇ ಬ್ಯಾಚು. ಅಂಗಡಿಯಲ್ಲಿ ಅದರ ಎರಡೇ ಡಬ್ಬಿ ಉಳಿದಿದ್ದವು, ಆಳಿಗೊಂದು ತಂದೆವು. ರಾಜ್ಯಮಟ್ಟದ ಸ್ಪರ್ಧೆಗೆ ಹೋಗುವ ಕ್ಲಬ್ಬಿನ ತಂಡದಲ್ಲಿ ಹೆಂಗಸರಿಗೆ ಒಂದೇ ಜಾಗ ಖಾಲಿ ಇತ್ತು. ಅದು ನನಗೆ ಬೇಕಿತ್ತು. ಅವಳಿಗೂ ಬೇಕಿತ್ತು, ಆದರೆ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನನಗೆ ಅದೇ ಇನ್ನೂ ಉರಿ.

ಅತ್ತೆ ಒಮ್ಮೆ ನಮ್ಮ ಅಭ್ಯಾಸ ನೋಡಲು ಬಂದವರು, ಮನೆಗೆ ಬಂದು ಊಟಕ್ಕೆ ಕೂತಾಗ ಶುರುಮಾಡಿದರು: “ಚಿಕ್ಕೋಳು ನೋಡು, ಕಲ್ಲು ನಿಂತಂಗೆ ನಿಂತ್ಕಂತಾಳೆ. ನೀನ್ಯಾಕವ್ವ ಅಂಗೆ ಉಸಿರು ಬಿಗಿ ಇಡ್ಕಂಡು ಒದ್ದಾಡ್ತೀಯ?” ನಾನು ಅವರ ತಟ್ಟೆಗೆ ಇನ್ನೊಂದು ಸೌಟು ಸಾರು ಸುರಿದೆ.

ಅಷ್ಟರಲ್ಲಿ ಆಯುಧಪೂಜೆ ಬಂತು. ಪೀಣ್ಯದ ಕಾರ್ಖಾನೆಗಳಲ್ಲಿ ಆ ದಿನ ಲೇತ್ ಯಂತ್ರದಿಂದ ಹಿಡಿದು ಕಚೇರಿಯ ಸ್ಟೇಪ್ಲರ್‌ವರೆಗೆ ಎಲ್ಲಕ್ಕೂ ಕುಂಕುಮ. ಕ್ಲಬ್ಬಿನಲ್ಲೂ ರೈಫಲ್ಲುಗಳನ್ನು ಸಾಲಾಗಿ ಜೋಡಿಸಿ, ಹೂ ಹಾಕಿ, ಬೂದುಗುಂಬಳ ಒಡೆದೆವು. ವಾರಗಿತ್ತಿ ತನ್ನ ಡಬ್ಬಿಯ ಮುಚ್ಚಳಕ್ಕೆ ಒಂದು ಬೊಟ್ಟಿಟ್ಟು ಸುಮ್ಮನಾದಳು. ನಾನು ಅಷ್ಟಕ್ಕೆ ಬಿಡುವವಳಲ್ಲ. ಮುಚ್ಚಳ ತೆಗೆದು, ದೇವಿಯ ಕೃಪೆ ಒಂದೊಂದು ಪೆಲೆಟ್ಟಿಗೂ ತಾಗಲಿ ಎಂದು ಒಳಗೇ ಅರಿಶಿನ ಕುಂಕುಮ ಉದುರಿಸಿದೆ. ದೇವಿಯ ಹತ್ತಿರ ಬೇಡಿಕೊಂಡದ್ದು ಕೂಡ ನನ್ನ ಗೆಲುವನ್ನಲ್ಲ, ಅವಳ ಸೋಲನ್ನು.

ಮುಂದಿನ ಭಾನುವಾರದಿಂದ ನನ್ನ ಕಾಗದದ ತುಂಬ ರಾಗಿ ಎರಚಿದ ಹಾಗೆ ತೂತುಗಳು. ಪಕ್ಕದಲ್ಲಿ ಅವಳದ್ದು ನಡುಮಧ್ಯೆ ಒಂದೇ ತೂತು. ಅಂಗಡಿಯಲ್ಲಿ ಮೊದಲು ಕೈ ಚಾಚಿದವಳು ಅವಳೇ ಅಲ್ಲವೇ, ಒಳ್ಳೆಯ ಡಬ್ಬಿ ನೋಡಿ ಎತ್ತಿಕೊಂಡಿದ್ದಾಳೆ ಎಂದು ನನಗೆ ಖಾತ್ರಿಯಾಯಿತು. ಸೀದಾ ಕೋಚ್ ಹತ್ತಿರ ಹೋಗಿ, “ಸಾರ್, ಅವಳ ಡಬ್ಬೀನೇ ಬೇರೆ ಇರ್ಬೇಕು. ಎರಡನ್ನೂ ನನ್ನ ರೈಫಲ್‌ಗೆ ಹಾಕಿ ಟೆಸ್ಟ್ ಮಾಡಿ” ಎಂದೆ.

ಅವರು ನನ್ನ ರೈಫಲನ್ನು ವೈಸಿಗೆ ಬಿಗಿದರು. ನನ್ನ ಡಬ್ಬಿಯ ಪೆಲೆಟ್ಟುಗಳು ಚೆಲ್ಲಾಪಿಲ್ಲಿಯಾದವು. ನಳಿಗೆ ಒರೆಸಿ ಅವಳ ಡಬ್ಬಿಯದು ಹಾಕಿದರು. ಎಲ್ಲವೂ ಒಂದೇ ತೂತಿನಲ್ಲಿ. “ನೋಡಿದ್ರಾ, ನಾನು ಹೇಳ್ಲಿಲ್ವಾ?” ಎಂದು ಹೆಚ್ಚುಕಡಿಮೆ ಕುಣಿದೇಬಿಟ್ಟೆ. ಕೋಚ್ ನನ್ನ ಪೆಲೆಟ್ ಒಂದನ್ನು ಬೆರಳಲ್ಲಿ ತಿಕ್ಕಿದರು. ಬೆರಳು ಕೆಂಪಾಯಿತು.

“ಏನ್ ಮೇಡಂ ಇದು, ಪೆಲೆಟ್‌ಗೆ ಮದುವೆ ಮಾಡ್ಸಿದೀರಾ?”

ಪೆಲೆಟ್ಟಿಗೆ ತೆಳುವಾದ ಎಣ್ಣೆ ಸವರಿರುತ್ತಾರೆ. ಕುಂಕುಮ ಅದಕ್ಕೆ ಅಂಟಿ, ಹಿಂಬದಿಯ ಟೊಳ್ಳಿನಲ್ಲೂ ಕೂತು, ಒಂದೊಂದರ ತೂಕ ಒಂದೊಂದಾಗಿತ್ತು. ಕಾರ್ಖಾನೆಯಲ್ಲಿ ನಾನು ಕ್ವಾಲಿಟಿ ಇನ್‌ಸ್ಪೆಕ್ಟರ್, ಅಳತೆಯ ಗೇಜಿನ ಮೇಲೆ ಧೂಳು ಕಂಡರೆ ಎಲ್ಲರ ಮೇಲೂ ಹಾರಾಡುವವಳು. ಎಲ್ಲಿ ಮುಖ ಮುಚ್ಚಿಕೊಳ್ಳಲಿ? ತೊಳೆದರೆ ಎಣ್ಣೆಯೂ ಹೋಗುತ್ತದೆ, ಮೆತ್ತಗಿನ ಅಂಚೂ ನಗ್ಗುತ್ತದೆ, ಆಯ್ಕೆಯ ದಿನಕ್ಕೆ ಇದನ್ನು ನಂಬಬೇಡಿ ಎಂದರು ಕೋಚ್. ಅಂಗಡಿಯಲ್ಲಿ ಆ ಬ್ಯಾಚ್ ಮುಗಿದಿತ್ತು.

ಆಗ ವಾರಗಿತ್ತಿ ತನ್ನ ಡಬ್ಬಿಯಿಂದ ಅರ್ಧ ಪೆಲೆಟ್ಟುಗಳನ್ನು ಒಂದು ಖಾಲಿ ಡಬ್ಬಿಗೆ ಜೋಪಾನವಾಗಿ ಹಾಕಿದಳು. “ತಗೋ ಅಕ್ಕ, ನಂಗಿಷ್ಟು ಸಾಕು.”

ಅವಳ ಜಾಗದಲ್ಲಿ ನಾನಿದ್ದಿದ್ದರೆ ಏನಾದರೊಂದು ಸುಳ್ಳು ಹೇಳಿ ಜಾರಿಕೊಳ್ಳುತ್ತಿದ್ದೆ. ಅವಳು ಕೊಟ್ಟೇಬಿಟ್ಟಳು, ಮುಖದಲ್ಲಿ ಒಂದು ಚೂರೂ ಲೆಕ್ಕಾಚಾರವಿಲ್ಲದೆ. ಡಬ್ಬಿ ಈಸಿಕೊಂಡೆ. ಮುಚ್ಚಳ ಬಿಗಿಯಾಗಿ ಮುಚ್ಚಿ ಬ್ಯಾಗಿಗೆ ಹಾಕಿಕೊಂಡೆ.

ಆಯ್ಕೆಯ ದಿನ ಅಕ್ಕಪಕ್ಕದಲ್ಲೇ ನಿಂತು ಹೊಡೆದೆವು. ನನ್ನ ಕೈ ನಡುಗಲಿಲ್ಲ, ಉಸಿರು ಸಿಕ್ಕಿಕೊಳ್ಳಲಿಲ್ಲ. ಅಷ್ಟು ಚೆನ್ನಾಗಿ ನಾನು ಅದುವರೆಗೆ ಹೊಡೆದಿರಲೇ ಇಲ್ಲ. ಅವಳು ಅದಕ್ಕಿಂತಲೂ ಚೆನ್ನಾಗಿ ಹೊಡೆದಳು, ತಂಡದ ಜಾಗ ಅವಳಿಗೆ ಸಿಕ್ಕಿತು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಮೆಲ್ಲಗೆ ಕೇಳಿದಳು: “ಬೇಜಾರಾಯ್ತಾ ಅಕ್ಕ?”

“ಹೋಗೇ, ನಂಗ್ಯಾಕೆ ಬೇಜಾರು” ಎಂದು ಕಿಟಕಿಯ ಕಡೆ ತಿರುಗಿಕೊಂಡೆ. ತುಮಕೂರು ರಸ್ತೆಯುದ್ದಕ್ಕೂ ನನ್ನ ಸೋಲಿಗೆ ಒಂದು ನೆಪ ಹುಡುಕಿದೆ. ರೈಫಲ್ ಚೆನ್ನಾಗಿತ್ತು, ಪೆಲೆಟ್ ಅವಳ ಡಬ್ಬಿಯದೇ ಆಗಿತ್ತು. ಅಷ್ಟು ದಿನ ಬೈದುಕೊಳ್ಳಲು ನನಗೆ ಆ ಡಬ್ಬಿಯಾದರೂ ಇತ್ತು. ಅರ್ಧ ಕೊಟ್ಟು ಅದನ್ನೂ ಕಿತ್ತುಕೊಂಡಳಲ್ಲ ಎಂದು ಹೊಟ್ಟೆ ಉರಿಯಿತು.