ಸಮುದ್ರವಿಲ್ಲದ ಮಂಗಳೂರು

ಬಹುಮಾನಗಳೆಂದರೆ ನನಗೆ ಅನುಮಾನ. ಆದರೂ ಒಂದನ್ನು ಒಪ್ಪಬೇಕು: ಆ ಪ್ರಶಸ್ತಿ ಇರದಿದ್ದರೆ ನಮ್ಮ ಕಾಲೇಜಿನ ರೋಬೋ ತಂಡ ಕೊಪ್ಪಳದ ಲ್ಯಾಬು ಬಿಟ್ಟು ಹೊರಗೆ ಕಾಲಿಡುತ್ತಿರಲಿಲ್ಲ. ಹಿಂದುಳಿದ ಊರಿನ ಮಕ್ಕಳಿಗೆ ಕಲಿಸುವ ತಂಡಕ್ಕೆ ಪ್ರಶಸ್ತಿ, ಜೊತೆಗೆ ಅನುದಾನ ಎಂದು ಬೆಂಗಳೂರಿನ ಸಂಸ್ಥೆಯೊಂದು ಪ್ರಕಟಿಸಿತ್ತು. ನಮ್ಮವರು ಯಲಬುರ್ಗಾ ಕಡೆಯ ಮಂಗಳೂರಿನ ಶಾಲೆಯನ್ನು ಆರಿಸಿಕೊಂಡರು. ಅವರಿಗೆ ಪಾಠ ಹೇಳುವ ನಾನೂ ಜೊತೆಗೆ ಹೋಗುತ್ತಿದ್ದೆ.

ತಂಡದ ಬಳಿ ಇದ್ದದ್ದು ಒಂದೇ ಪುಟ್ಟ ರೋಬೋ ಬಂಡಿ, ನೆಲದ ಮೇಲಿನ ಕಪ್ಪು ಪಟ್ಟಿ ಹಿಡಿದು ತಾನೇ ಓಡುವಂಥದ್ದು. ಶನಿವಾರ ಶನಿವಾರ ಶಾಲೆಯ ಹುಡುಗಿಯರು ಅದನ್ನು ಬಿಚ್ಚುವುದು, ಜೋಡಿಸುವುದು ಕಲಿತರು. ಬಸ್ಸಿಗೆ ಹೊತ್ತಾಗಿ ನಾವು ಬಂಡಿಯನ್ನು ಚೀಲಕ್ಕೆ ಹಾಕಿದರೆ ಅವರ ಮುಖ ಸಣ್ಣದಾಗುತ್ತಿತ್ತು. ಅನುದಾನ ಬಂದರೆ ನಿಮಗೇ ಒಂದು ಬಂಡಿ ಎಂದು ತಂಡದ ನಾಯಕಿ, ಗಂಗಾವತಿಯ ಹುಡುಗಿ, ಮಾತು ಕೊಟ್ಟಿದ್ದಳು.

ಬೆಂಗಳೂರಿನಲ್ಲಿ ತೀರ್ಪುಗಾರರ ಮುಂದೆ ಅವಳು ಈ ಶನಿವಾರದ ಪಾಠಗಳ ಬಗ್ಗೆ ಹೇಳುತ್ತಿದ್ದಾಗ ಅವರಲ್ಲೊಬ್ಬರು ತಡೆದರು.

“ಮಂಗಳೂರಿಗೆ ಹೋಗಿ ಕಲಿಸಿದ್ರಾ? ಅಲ್ಲಿ ಎಂಜಿನಿಯರಿಂಗ್ ಕಾಲೇಜುಗಳೇ ಅಷ್ಟಿವೆಯಲ್ಲಮ್ಮಾ!”

“ಅದಲ್ರಿ ಸರ್ರ. ಇದು ನಮ್ಮ ಮಂಗಳೂರು. ಯಲಬುರ್ಗಾದಾಗ ಐತಿ.”

“ಹಾಗಾದ್ರೆ ಅಲ್ಲಿ ಮೀನು ಸಿಗಲ್ವಾ?”

ಸಭೆ ನಕ್ಕಿತು. ಅಥವಾ ಅವರೊಬ್ಬರೇ ನಕ್ಕರೋ, ಉಳಿದ ನಗುವನ್ನು ನನ್ನ ಸಿಟ್ಟು ಆಮೇಲೆ ಸೇರಿಸಿತೋ. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಅಷ್ಟರಲ್ಲಿ ಸಮಯ ಮುಗಿಯಿತೆಂದು ಗಂಟೆ ಹೊಡೆದರು. ಅದು ಮಾತ್ರ ನಿಜ.

ಪ್ರಶಸ್ತಿ ಬರಲಿಲ್ಲ. ಕಾರಣ ಕೇಳಿದೆ. “ನೀವು ಆರಿಸಿಕೊಂಡದ್ದು ಹಿಂದುಳಿದ ಊರಲ್ಲ” ಅಂದರು. ಅವಳು ಅಚ್ಚ ಕನ್ನಡದಲ್ಲಿ ತಿಳಿಸಿ ಹೇಳಿದ ಮೇಲೂ! ಬಹುಮಾನದ ಆಸೆ ತೋರಿಸಿ ಮಕ್ಕಳನ್ನು ಹಳ್ಳಿಗೆ ಅಟ್ಟುವವರಿಗೆ, ಹೋದದ್ದು ಯಾವ ಹಳ್ಳಿಗೆ ಎಂದು ಕಿವಿಗೊಡುವಷ್ಟೂ ಪುರುಸೊತ್ತಿಲ್ಲವೇ? ನಕಾಶೆಯಲ್ಲಿ ಅವರಿಗೆ ಒಂದೇ ಮಂಗಳೂರು. ನಮ್ಮದು ಬರೆಯುವಾಗ ಆದ ತಪ್ಪು ಇರಬೇಕು!

ಮುಂದಿನ ಶನಿವಾರ ಶಾಲೆಯ ಹುಡುಗಿಯೊಬ್ಬಳು ಗೇಟಿನಲ್ಲೇ ಕೇಳಿದಳು. “ಅಕ್ಕಾರ, ನಮ್ಮ ಬಂಡಿ ಬಂತೇನ್ರಿ?”

ನಾಯಕಿ ನನ್ನ ಕಡೆ ನೋಡಲಿಲ್ಲ. “ಬಂದೈತವ್ವ” ಎಂದವಳೇ ತಂಡದ ಇದ್ದೊಂದು ಬಂಡಿಯನ್ನು ಚೀಲದಿಂದ ತೆಗೆದು ಅವಳ ಕೈಗೆ ಕೊಟ್ಟಳು.

ಬಸ್ಸಿನಲ್ಲಿ ನಾನು ರೇಗಿದೆ. “ಮುಂದಿನ ತಿಂಗಳ ರೋಬೋ ಸ್ಪರ್ಧೆ ಐತಿ. ಅಲ್ಲಿ ಏನ್ ಓಡಸ್ತೀಯವಾ?”

ಅವಳು ಖಾಲಿ ಚೀಲ ಮಡಚಿದಳು. “ದೋಣಿ ಓಡಸೋಣ್ರಿ ಸರ್ರ. ಹೆಂಗೂ ನಮ್ಮ ಮಂಗಳೂರಾಗ ಸಮುದ್ರ ಐತೆಲ್ಲ.”